ಕಟ್ಟಿದ ಮೇಲೆ ತಿದ್ದಿದ ಮನೆ

ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಲಿದ್ದ ನಮ್ಮ ಹಳೆಯ ಮನೆಯನ್ನು ಅಳೆಯಲು ಮೂವರು ಬಂದಿದ್ದರು. ಒಬ್ಬರು ಟೇಪಿನ ತುದಿ ಹಿಡಿದು ನಿಂತರು, ಇನ್ನೊಬ್ಬರು ಅದನ್ನು ಎಳೆದುಕೊಂಡು ಪಡಸಾಲೆಯಿಂದ ಬಚ್ಚಲಿನವರೆಗೆ ನಡೆದರು, ಮೂರನೆಯವರು ಕಟ್ಟೆಯ ಮೇಲೆ ಕುಳಿತು ಬರೆದುಕೊಂಡರು. ಕಲ್ಲಿನ ಗೋಡೆ ಇಷ್ಟು ಅಡಿ, ತೊಲೆ ಇಷ್ಟು, ಜಂತಿ ಇಷ್ಟು, ಸಾಗವಾನಿಯ ತಲಬಾಗಿಲು ಒಂದು, ಬೇವಿನ ಕಟ್ಟಿಗೆಯ ಒಳಬಾಗಿಲು ನಾಲ್ಕು, ಶಹಾಬಾದ ಫರಸಿ ಇಷ್ಟು ಚದರಡಿ ಎಂದು ಪಟ್ಟಿ ಬೆಳೆಯುತ್ತ ಹೋಯಿತು. ಎಲ್ಲ ಮುಗಿದು ಅವರು ಚಹಾ ಕುಡಿಯುವಾಗ ಅತ್ತೆಯವರು, "ನೀವು ಕುಂತೀರಲ್ಲ, ಆ ಕಟ್ಟೀನೂ ಬರಕೊಂಡ್ರೇನ್ರಿ?" ಎಂದು ಕೇಳಿದರು. "ಕಲ್ಲಿನ ಲೆಕ್ಕದಾಗ ಬಂದೈತ್ರಿ ಅಮ್ಮಾರ" ಎಂದು ಬರೆಯುತ್ತಿದ್ದವರು ಉತ್ತರಿಸಿದರು. ಅತ್ತೆಯವರು ಸುಮ್ಮನಾದರು. ನಾನು ಒಳಗೆ, ಹೊಗೆ ಹಿಡಿದ ಅಡುಗೆಮನೆಯಲ್ಲಿ, ಈ ಮನೆಯಿಂದ ಎಂದು ಹೊರಬಿದ್ದೇವೋ ಎಂದು ದಿನ ಎಣಿಸುತ್ತಿದ್ದೆ.

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಳುಗಡೆಯಾದ ಮನೆಗಳನ್ನು ನೆನೆದು ಬರೆಯುವವರು ಹೆಚ್ಚಾಗಿ ಆ ಮನೆಗಳಲ್ಲಿ ಹುಟ್ಟಿ ಆಡಿ ಬೆಳೆದವರು. ನಾನು ಹಾಗಲ್ಲ. 1993ರಲ್ಲಿ ಸೊಸೆಯಾಗಿ ಬಾಗಲಕೋಟೆಯ ಕಿಲ್ಲಾ ಓಣಿಗೆ ಬಂದವಳು, ಹತ್ತು ವರ್ಷ ಆ ಮನೆಯ ಒಲೆ ಊದಿದವಳು. ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು 1964ರ ಮೇ 22ರಂದು. ಅಂದರೆ ನಾನು ಹೊಸ್ತಿಲು ದಾಟುವ ಹೊತ್ತಿಗೆ "ಮುಳುಗಡೆ" ಎಂಬ ಮಾತು ಆ ಓಣಿಯಲ್ಲಿ ಮೂವತ್ತು ವರ್ಷ ಹಳೆಯದಾಗಿತ್ತು. ಕೃಷ್ಣೆಗೆ ಕಟ್ಟಿದ ಅಣೆಕಟ್ಟಿನಿಂದ ಘಟಪ್ರಭೆಯ ದಂಡೆಯ ಊರು ಏಕೆ ಮುಳುಗಬೇಕೆಂದು ಹೊರಗಿನವರು ಕೇಳುವುದುಂಟು. ಘಟಪ್ರಭೆ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಆಲಮಟ್ಟಿಯಲ್ಲಿ ನೀರು 519.60 ಮೀಟರಿನ ಮಟ್ಟಕ್ಕೆ ನಿಂತಿತೆಂದರೆ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ನಮ್ಮ ಊರಿನವರೆಗೂ ಏರಿ ಬರುತ್ತದೆ. ಇದೆಲ್ಲ ಗೊತ್ತಿದ್ದುದರಿಂದ ಮನೆಗೆ ಯಾರೂ ಕೈ ಹಚ್ಚುತ್ತಿರಲಿಲ್ಲ. ಗೋಡೆ ಬಿರುಕು ಬಿಟ್ಟರೆ, ಜಂತಿಗೆ ಗೆದ್ದಲು ಹತ್ತಿದರೆ, ಮಾವನವರ ಬಾಯಲ್ಲಿ ಒಂದೇ ಮಾತು: "ಮುಳಗೂ ಮನೀಗೆ ಸುಣ್ಣ ಯಾಕ?" ಆ ಮನೆ ನೀರಿಗಿಂತ ಮೊದಲು ಈ ಮಾತಿನಿಂದಲೇ ಅರ್ಧ ಮುಳುಗಿತ್ತು ಎಂದು ನನಗೆ ಅನ್ನಿಸುವುದುಂಟು.

ಅದು ಮಣ್ಣಿನ ಮೇಲ್ಮುದ್ದೆಯ ಮನೆ. ತೊಲೆಗಳ ಮೇಲೆ ಜಂತಿ, ಜಂತಿಗಳ ಮೇಲೆ ಕಟ್ಟಿಗೆಯ ತುಂಡುಗಳು, ಅದರ ಮೇಲೆ ಬೇವಿನ ತಪ್ಪಲು ಹಾಸಿ ಒಂದು ಅಡಿಗೂ ಹೆಚ್ಚು ಮಣ್ಣು ಹೇರಿದ್ದರು. ಪ್ರತಿ ವರ್ಷ ಮೃಗಶಿರಾ ಮಳೆಗೆ ಮುಂಚೆ ಹೊಸ ಮಣ್ಣು ಹೊರಿಸಿ, ಹರವಿ, ಬಡಿದು ಕೂರಿಸಬೇಕು. ಒಂದು ವರ್ಷ ತಪ್ಪಿದರೆ ಶ್ರಾವಣದಲ್ಲಿ ಪಾತ್ರೆಗಳೆಲ್ಲ ಸೋರುವ ಜಾಗದ ಕೆಳಗೆ ಕೂರುತ್ತಿದ್ದವು. ಜಂತಿಯ ಸಂದಿಯಿಂದ ಚೇಳು ಬೀಳುತ್ತಿತ್ತು. ನನ್ನ ಮೊದಲ ಮಗುವಿನ ತೊಟ್ಟಿಲ ಮೇಲೆ ಸದಾ ಒಂದು ಹಳೆಯ ಧೋತರ ಕಟ್ಟಿರುತ್ತಿದ್ದೆವು. ಮಧ್ಯಾಹ್ನವೂ ನಡುಮನೆಯಲ್ಲಿ ದೀಪ ಬೇಕಾಗುತ್ತಿತ್ತು. ಶೌಚದ ಕೋಣೆ ಹಿತ್ತಲಿನ ಕೊನೆಯಲ್ಲಿ, ದನದ ಗೋದಲಿಯನ್ನು ದಾಟಿದ ಮೇಲೆ. ಅಂಥ ಮನೆಯನ್ನು ಹಂಬಲಿಸುವ ಅಗತ್ಯ ನನಗೆ ಕಾಣಲಿಲ್ಲ.

ಮನೆ ಮುಳುಗಿದವರಿಗೆಂದು ಕಟ್ಟಿದ ಹೊಸ ಊರಾದ ನವನಗರದಲ್ಲಿ ನಮಗೆ ನಿವೇಶನ ಸಿಕ್ಕಿತು. ಆ ಊರಿನ ಮೂಲ ಯೋಜನೆ ರೂಪಿಸಿದವರು ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಊರಿಗೆ ಅಷ್ಟು ದೊಡ್ಡವರು ನಕ್ಷೆ ಹಾಕಿದ್ದರೆ, ನಮ್ಮ ಮನೆಗೆ ಹಾಕಿದವನು ನನ್ನ ಯಜಮಾನರ ಗೆಳೆಯನ ತಮ್ಮ, ಡಿಪ್ಲೊಮಾ ಮುಗಿಸಿ ಆರು ತಿಂಗಳಾಗಿದ್ದ ಹುಡುಗ. ಅವನದೇನೂ ತಪ್ಪಿಲ್ಲ. ನಾವು ಕೇಳಿದ್ದನ್ನೆಲ್ಲ ಅವನು ಹಾಳೆಯ ಮೇಲೆ ಕೂರಿಸಿಕೊಟ್ಟ. ನಾವು ಕೇಳಿದ್ದೇನೆಂದರೆ, ಸಾವಿರ ಚದರಡಿಯೊಳಗೆ ದೊಡ್ಡದೊಂದು ಹಾಲ್, ಎರಡು ಮಲಗುವ ಕೋಣೆ, ಒಳಗೇ ಸ್ನಾನದ ಮನೆ, ದೇವರಿಗೊಂದು ಕೋಣೆ, ಸುತ್ತ ಎದೆಮಟ್ಟದ ಕಾಂಪೌಂಡ್, ಕಬ್ಬಿಣದ ಗೇಟು. ನನ್ನದೊಂದೇ ಹಟ: ಅಡುಗೆಮನೆಯಲ್ಲಿ ನಿಂತು ಅಡುಗೆ ಮಾಡುವ ಕಟ್ಟೆ ಬೇಕು, ಹುಬ್ಬಳ್ಳಿಯಲ್ಲಿ ನನ್ನ ಅಕ್ಕನ ಮನೆಯಲ್ಲಿದ್ದಂತೆ 34 ಇಂಚು ಎತ್ತರದ್ದು. ಅತ್ತೆಯವರನ್ನು ಯಾರೂ ಏನೂ ಕೇಳಲಿಲ್ಲ. ಮಾವನವರು ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಕುಂದರೂದು ಎಲ್ಲಿ?" ಎಂದರು. "ಹಾಲ್‌ನ್ಯಾಗ ಸೋಫಾ ಬರತೈತಲ್ಲ ಅಪ್ಪಾ" ಎಂದರು ಇವರು. ಆ ಪ್ರಶ್ನೆಯ ಅರ್ಥ ನಮಗೆ ಹೊಳೆಯಲು ನಾಲ್ಕು ವರ್ಷ ಬೇಕಾಯಿತು.

ಪಾಯ ತೋಡಿದಾಗ ಮೇಲೆ ಮೂರು ಅಡಿ ಕರಿ ಎರೆ ಮಣ್ಣು ಸಿಕ್ಕಿತು. ಎರೆ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲೆ ಕೂತ ಗೋಡೆ ಅದರೊಂದಿಗೆ ಏರಿಳಿದು ಮೂಲೆಯಿಂದ ಮೂಲೆಗೆ ಸೀಳುತ್ತದೆ. ನಮ್ಮ ಗೌಂಡಿ ಅನುಭವಸ್ಥ. ಗಟ್ಟಿ ಗರಸು ಸಿಗುವವರೆಗೆ, ಐದು ಅಡಿಯ ತನಕ ತೋಡಿಸಿದ. ಎರೆ ಮಣ್ಣನ್ನೆಲ್ಲ ಹೊರಗೆ ಹಾಕಿಸಿ, ಕೋಣೆಗಳ ಒಳಗೆ ಗರಸು ತುಂಬಿಸಿ, ನೀರು ಹೊಡೆದು ಬಡಿಸಿದ. ಗೋಡೆಗಳ ಬುಡದಲ್ಲಿ ಸುತ್ತಲೂ ಒಂದು ಕಾಂಕ್ರೀಟ್ ಬೀಮು ಹಾಯಿಸಿದ. ಹಣ ಅಲ್ಲಿಯೇ ಬಹಳಷ್ಟು ಕರಗಿತು. ಮಾವನವರು ಹಳೆಯ ಮನೆಯ ಕಂಬಗಳನ್ನೂ ತೊಲೆಗಳನ್ನೂ ಹಳೆ ಕಟ್ಟಿಗೆಯ ವ್ಯಾಪಾರಿಗೆ ಮಾರಿ ಸಿಮೆಂಟಿಗೆ ದುಡ್ಡು ಹೊಂದಿಸಿದರು. ಮಾರುವಾಗ ಅವರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಲಿಲ್ಲ. ಸರಿಯಾದ ಬೆಲೆ ಬಂತೆಂದು ಸಂಜೆ ಅರ್ಧ ಕಿಲೋ ಪೇಡೆ ತಂದದ್ದನ್ನು ನೋಡಿದೆ. ತಲಬಾಗಿಲನ್ನು ಮಾತ್ರ ಮಾರಲಿಲ್ಲ. ಐದೂವರೆ ಅಡಿ ಎತ್ತರದ ಆ ಬಾಗಿಲು ಹೊಸ ಮನೆಯ ಏಳು ಅಡಿಯ ಚೌಕಟ್ಟಿಗೆ ಒಗ್ಗದೆ ಹಿಂದಿನ ಗೋಡೆಗೆ ಒರಗಿ, ತಾಡಪತ್ರಿ ಹೊದ್ದು ನಿಂತಿತು.

2003ರ ಬಸವ ಜಯಂತಿಯ ದಿನ ಗೃಹಪ್ರವೇಶವಾಯಿತು. ಹೋಳಿಗೆ ಊಟ ಮಾಡಿದ ಬಂಧುಗಳು ಹಾಲನ್ನು ಹೊಗಳಿದರು, ನುಣುಪಾದ ಟೈಲ್ಸನ್ನು ಹೊಗಳಿದರು. ಆ ರಾತ್ರಿ ನಾವು ಯಾರೂ ಮಲಗಲಿಲ್ಲ.

ಸೆಕೆ ಎಂದರೆ ಏನೆಂದು ನಾವು ಅರಿಯದವರಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುವುದು ದೊಡ್ಡ ಸುದ್ದಿಯೇನಲ್ಲ. ಆದರೆ ಹೊರಗೆ ತಂಗಾಳಿ ಬೀಸುತ್ತಿರುವಾಗ ಒಳಗೆ ಬೇಯುವುದು ನಮಗೆ ಹೊಸದಾಗಿತ್ತು. ಪಡುವಣ ಕೋಣೆಯ ಗೋಡೆಗೆ ರಾತ್ರಿ ಒಂಬತ್ತಕ್ಕೆ ಅಂಗೈ ಇಟ್ಟರೆ ಈಗಷ್ಟೇ ಇಳಿಸಿದ ಹಂಚಿನ ಹಾಗೆ ಬಿಸಿ. ಇದರ ಕಾರಣವನ್ನು ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳುವ ನಾನೇ ಮುಂಚೆ ಯೋಚಿಸಬೇಕಿತ್ತು. ಹಳೆಯ ಮನೆಯ ಎರಡು ಅಡಿ ದಪ್ಪದ ಕಲ್ಲು ಮಣ್ಣಿನ ಗೋಡೆಯನ್ನು ಬಿಸಿಲು ದಾಟಿ ಒಳಗೆ ಬರಲು ಅರ್ಧ ದಿನಕ್ಕೂ ಹೆಚ್ಚು ಹೊತ್ತು ಹಿಡಿಯುತ್ತಿತ್ತು; ಅದು ಒಳಮುಖ ತಲುಪುವಷ್ಟರಲ್ಲಿ ನಡುರಾತ್ರಿ ಕಳೆದು, ಬೆಳಕಿಂಡಿಯಿಂದ ತಂಪು ಗಾಳಿ ಇಳಿಯುತ್ತಿತ್ತು. ಹೊಸ ಮನೆಯ ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯನ್ನೂ ಐದು ಇಂಚಿನ ಸ್ಲ್ಯಾಬನ್ನೂ ಬಿಸಿಲು ಸಂಜೆಯ ಹೊತ್ತಿಗೇ ದಾಟಿ, ಸರಿಯಾಗಿ ನಾವು ಹಾಸಿಗೆ ಹಾಸುವ ವೇಳೆಗೆ ಒಳಗೆ ಉಗುಳತೊಡಗುತ್ತಿತ್ತು. ಬೆಳಕಿಂಡಿಯಂತೂ ಇರಲೇ ಇಲ್ಲ. ಬಿಸಿ ಗಾಳಿ ಮೇಲೇರಿ ಸ್ಲ್ಯಾಬಿನ ಕೆಳಗೇ ಕೂತಿರುತ್ತಿತ್ತು, ಫ್ಯಾನು ಅದನ್ನೇ ಕೆಳಗೆ ತಳ್ಳುತ್ತಿತ್ತು.

ಅಡುಗೆಮನೆಯ ಕಥೆ ನನ್ನದೇ ಅವಮಾನದ್ದು. ಜೋಳದ ಹಿಟ್ಟಿಗೆ ಗೋದಿಯ ಜಿಗುಟಿಲ್ಲ; ಎಸರು ಹೊಯ್ದು, ಅಂಗೈಯ ಬುಡದಿಂದ ಮೈಭಾರ ಬಿಟ್ಟು ನಾದಿದರೆ ಮಾತ್ರ ರೊಟ್ಟಿ ಅಂಚು ಸೀಳದೆ ಅಗಲವಾಗುತ್ತದೆ. ನೆಲದ ಮೇಲೆ ಕೂತರೆ ಆ ಭಾರ ತಾನಾಗಿ ಇಳಿಯುತ್ತದೆ. 34 ಇಂಚಿನ ಕಟ್ಟೆಯ ಮುಂದೆ ನಿಂತರೆ, ಐದಡಿಯ ಒಳಗಿನ ಹೆಂಗಸರಾದ ನಮಗೆ ಮೊಣಕೈ ಮೇಲೆದ್ದು, ಬರೀ ಹೆಗಲಿನಿಂದ ತಳ್ಳಬೇಕಾಗುತ್ತದೆ. ದಿನಕ್ಕೆ ಇಪ್ಪತ್ತೈದು ರೊಟ್ಟಿ ಬಡಿದು ತಿಂಗಳೊಳಗೆ ನನ್ನ ಬಲ ಹೆಗಲು ಹಿಡಿದುಕೊಂಡಿತು. ಅತ್ತೆಯವರು ಏನೂ ಅನ್ನದೆ ಒಂದು ದಿನ ಗ್ಯಾಸಿನ ಒಲೆಯನ್ನೇ ನೆಲಕ್ಕೆ ಇಳಿಸಿಕೊಂಡು ಕೂತುಬಿಟ್ಟರು. ಸಿಲಿಂಡರ್ ತಂದ ಹುಡುಗ ನೋಡಿ ಗಾಬರಿಯಾದ: "ಅಕ್ಕೋರ, ಒಲಿ ಯಾವಾಗ್ಲೂ ಸಿಲಿಂಡರ್‌ಗಿಂತ ಮ್ಯಾಲ ಇರಬೇಕ್ರಿ, ಹಿಂಗ ಮಾಡಬ್ಯಾಡ್ರಿ." ಒಲೆ ಮತ್ತೆ ಮೇಲೇರಿತು, ಅತ್ತೆಯವರ ಮುಖ ಸಣ್ಣದಾಯಿತು, ನಾವು ಆ ವರ್ಷವೆಲ್ಲ ಮಧ್ಯಾಹ್ನಕ್ಕೆ ಚಪಾತಿ ಉಂಡೆವು. ಬಾಗಲಕೋಟೆಯವರ ಮನೆಯಲ್ಲಿ ರೊಟ್ಟಿಯ ಸಪ್ಪಳವಿಲ್ಲದ ಒಂದು ವರ್ಷವೆಂದರೆ ಹೊರಗಿನವರಿಗೆ ಹೇಗೆ ತಿಳಿಸಿ ಹೇಳುವುದೋ ಕಾಣೆ.

ತಿದ್ದುವ ಕೆಲಸ ಅಲ್ಲಿಂದಲೇ ಮೊದಲಾಯಿತು. 2005ರಲ್ಲಿ ಅದೇ ಗೌಂಡಿಯನ್ನು ಕರೆಸಿದಾಗ, ಎರಡೇ ವರ್ಷದ ಕಟ್ಟೆಯನ್ನು ಒಡೆಯಬೇಕೆಂದರೆ ಅವನಿಗೆ ಮನಸ್ಸಾಗಲಿಲ್ಲ. ಅತ್ತೆಯವರನ್ನು ನಿಲ್ಲಿಸಿ, ಮೊಣಕೈಯಿಂದ ಗೇಣು ಕೆಳಗೆ ಅಳತೆ ತೆಗೆದರೆ 27 ಇಂಚು ಬಂತು. ಒಲೆಯ ಭಾಗವನ್ನು ಹಾಗೆಯೇ ಬಿಟ್ಟು, ಕಿಟಕಿಯ ಬದಿಯ ಮೂರು ಅಡಿ ಉದ್ದವನ್ನು 27 ಇಂಚಿಗೆ ಇಳಿಸಿದೆವು. ಕಿಟಕಿಯನ್ನೂ ಅಗಲ ಮಾಡಿದೆವು. ಚೌಕಟ್ಟಿಗೆ ಕಟ್ಟಿಗೆ ಬೇಕಾದಾಗ ಬಡಿಗೇರರು ಹಿತ್ತಲಲ್ಲಿ ತಾಡಪತ್ರಿ ಹೊದ್ದಿದ್ದ ತಲಬಾಗಿಲನ್ನು ಬೆರಳಿನಿಂದ ಬಡಿದು ನೋಡಿ, "ಇದರಾಗ ಇನ್ನೂ ನೂರು ವರ್ಷ ಐತ್ರಿ" ಎಂದರು. ಮಾವನವರು ಗರಗಸ ಹಾಕಲು ಒಪ್ಪುತ್ತಾರೆಂದು ನಾವು ಅಂದುಕೊಂಡಿರಲಿಲ್ಲ. ಅವರು ಹೊರಗೆ ಬಂದು, ಬಾಗಿಲಿನ ಹಿತ್ತಾಳೆಯ ಬಳೆಗಳನ್ನು ತಾವೇ ಕಳಚಿ ಕಿಸೆಯಲ್ಲಿ ಹಾಕಿಕೊಂಡು, "ಹೂಂ, ಕೊಯ್ರಿ" ಎಂದರು. ಈಗ ರೊಟ್ಟಿ ಬಡಿಯುವವರ ಕಣ್ಣಿಗೆ ಬೀದಿಯ ತಿರುವಿನವರೆಗೂ ಕಾಣುತ್ತದೆ.

ಮಾಳಿಗೆಯ ಕೆಲಸ ಅಗ್ಗದ್ದು, ಫಲ ಮಾತ್ರ ದೊಡ್ಡದು. ಸುಣ್ಣಕ್ಕೆ ಬಿಳಿ ಸಿಮೆಂಟ್ ಹಾಗೂ ಅಂಟು ಬೆರೆಸಿ ಸ್ಲ್ಯಾಬಿನ ಮೇಲೆ ಎರಡು ಕೈ ಬಳಿಸಿದೆವು. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ. ಎರಡು ಮಲಗುವ ಕೋಣೆಗಳಲ್ಲಿ ಸ್ಲ್ಯಾಬಿಗೆ ತಗುಲಿದಂತೆ ಎದುರುಬದುರು ಗೋಡೆಗಳಲ್ಲಿ ಗಾಳಿಗಿಂಡಿ ಕೊರೆಸಿದೆವು. ಪಡುವಣಕ್ಕೆ ಗೋಡೆಯಿಂದ ದೂರದಲ್ಲಿ ಒಂದು ಹೊಂಗೆ, ಒಂದು ಬೇವು ನೆಟ್ಟೆವು. ಅವುಗಳ ನೆರಳು ಗೋಡೆ ಮುಟ್ಟಲು ಏಳೆಂಟು ವರ್ಷ ಹಿಡಿಯಿತು. ಸುಣ್ಣವನ್ನು ಎರಡು ವರ್ಷಕ್ಕೊಮ್ಮೆ ಬೇಸಿಗೆಗೆ ಮುಂಚೆ ಮತ್ತೆ ಬಳಿಯಬೇಕು. ಮೊದಲ ಬಾರಿ ಬಳಿಯುವಾಗ ಮಾವನವರು ಕೆಳಗಿನಿಂದ, "ಮಣ್ಣ ಹೊರೂದು ತಪ್ಪಿತಂತ ಹಿಗ್ಗಿದ್ರಿ, ಈಗ ಸುಣ್ಣ ಹೊರ್ರಿ" ಎಂದು ನಗೆಯಾಡಿದರು. ಮಾಳಿಗೆಗೆ ಹತ್ತುವ ಮೆಟ್ಟಿಲು ಕಬ್ಬಿಣದ್ದು, ನೆಟ್ಟಗೆ ಇತ್ತು. ಅದನ್ನು ತೆಗೆಸಿ ಕಲ್ಲಿನ ಮೆಟ್ಟಿಲು ಹಾಕಿಸಿದ ಬೇಸಿಗೆಯಿಂದ ಅತ್ತೆಯವರೂ ಮೇಲೆ ಬಂದು ಮಲಗತೊಡಗಿದರು. ಹಾಲಿನ ಟೈಲ್ಸ್, ಸೋಫಾ, ಗಾಜಿನ ಕಪಾಟಿನ ಬಗ್ಗೆ ಹೆಚ್ಚೇನೂ ಹೇಳಬೇಕಿಲ್ಲ. ಅಲ್ಲಿ ಯಾರೂ ಕೂರುವುದಿಲ್ಲ.

ಉಳಿದದ್ದು ಮಾವನವರ ಪ್ರಶ್ನೆ. ಹಳೆಯ ಬಾಗಲಕೋಟೆಯಲ್ಲಿ ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ ಎಂದು ಓಣಿಗಳ ಗುರುತಿತ್ತು; ಹೋಳಿ ಬಂದರೆ ಹಲಗೆಯ ಸಪ್ಪಳ ಕೇಳಿಯೇ ಯಾವ ಪೇಟೆಯವರೆಂದು ಹೇಳುವವರಿದ್ದರು. ಹೊಸ ಊರಿನಲ್ಲಿ ವಿಳಾಸ ಸೆಕ್ಟರಿನ ಸಂಖ್ಯೆಯಾಯಿತು. ಎದುರು ಮನೆಯವರು ವೆಂಕಟಪೇಟೆಯವರು, ಪಕ್ಕದವರು ಹಳ್ಳಿಯಿಂದ ಬಂದವರು, ಮಾವನವರ ಜೊತೆಗಾರರು ಬೇರೆ ಬೇರೆ ಸೆಕ್ಟರುಗಳಲ್ಲಿ. ಅವರಿಗೆ ಅದು ಅಷ್ಟು ಕಷ್ಟವಾಗಲಿಲ್ಲ, ಸಂಜೆ ಕೋಲು ಹಿಡಿದು ಹುಡುಕಿಕೊಂಡು ಹೋಗುತ್ತಿದ್ದರು. ಕಷ್ಟವಾದದ್ದು ಬೆಳಗಿನ ಹೊತ್ತು. ಎದೆಮಟ್ಟದ ಕಾಂಪೌಂಡಿನೊಳಗೆ ಕುರ್ಚಿ ಹಾಕಿಕೊಂಡರೆ ಹೊರಗೆ ಹೋಗುವವರ ತಲೆ ಮಾತ್ರ ಕಾಣುತ್ತಿತ್ತು. ಗೇಟಿನ ಹೊರಗೆ ಕುರ್ಚಿ ಹಾಕಿಕೊಂಡರೆ ಬೈಕಿನವರು ಹಾರ್ನ್ ಹೊಡೆಯುತ್ತಿದ್ದರು. ಕೊನೆಗೆ ಅವರು ಎದುರು ಬದಿಯ ಗಟಾರದ ಮೇಲೆ ಮುಚ್ಚಿದ ಕಲ್ಲಿನ ಮೇಲೆ ಹೋಗಿ ಕೂರುತ್ತಿದ್ದರು, ತಮ್ಮ ಸ್ವಂತ ಮನೆಯನ್ನು ಎದುರಿನಿಂದ ನೋಡುತ್ತ. ಇವರಿಗೆ ಅದು ನಾಚಿಕೆಯ ಸಂಗತಿಯಾಗಿತ್ತು. "ಸೋಫಾ ಬಿಟ್ಟು ಗಟಾರದ ಮ್ಯಾಲ ಕುಂತಾರ ಅಂತ ಮಂದಿ ಏನಂದಾರು?" ಎಂದು ನನ್ನೆದುರು ಸಿಡುಕುತ್ತಿದ್ದರು.

2007ರಲ್ಲಿ ಕಾಂಪೌಂಡ್ ಒಡೆಸಿದೆವು. ರಸ್ತೆಯ ಒಂದಿಂಚನ್ನೂ ಮುಟ್ಟದೆ, ಗೇಟಿನ ಎಡಕ್ಕೆ ಒಂಬತ್ತು ಅಡಿ ಉದ್ದದ ಗೋಡೆಯನ್ನು ನಮ್ಮ ಜಾಗದೊಳಗೆ ಎರಡೂವರೆ ಅಡಿ ಹಿಂದಕ್ಕೆ ಸರಿಸಿ, ಬಿಟ್ಟ ಜಾಗದಲ್ಲಿ ಬೀದಿಗೆ ಮುಖವಾಗಿ ಒಂದೂವರೆ ಅಡಿ ಎತ್ತರದ ಕಟ್ಟೆ ಕಟ್ಟಿಸಿದೆವು. ಅಲ್ಲಿಯೂ ಒಂದು ಮೂರ್ಖತನ ಮಾಡಿದೆವು. ಇಳಕಲ್ಲಿನ ಕೆಂಪು ಗ್ರಾನೈಟಿಗೆ ಇರುವ ಹೆಸರು ಎಲ್ಲರಿಗೂ ಗೊತ್ತಲ್ಲ, ಮನೆಗೆ ಶೋಭೆ ಎಂದು ಪಾಲಿಶ್ ಮಾಡಿದ ಹಾಸು ತಂದು ಹಾಕಿಸಿದೆವು. ಪಡುವಣಕ್ಕೆ ಮುಖ ಮಾಡಿದ ಆ ಗಾಢ ಬಣ್ಣದ ಕಲ್ಲು ಸಂಜೆ ಐದಕ್ಕೆ ಯಾರನ್ನೂ ಕೂರಗೊಡಲಿಲ್ಲ. ಹೊಂಗೆ ಇನ್ನೂ ಮೊಣಕಾಲೆತ್ತರವಿತ್ತು. ಗ್ರಾನೈಟನ್ನು ಎತ್ತಿ ಅಡುಗೆಕಟ್ಟೆಗೆ ಹಾಸಿ, ಇಲ್ಲಿ ತಿಳಿ ಬಣ್ಣದ ಒರಟು ಫರಸಿ ಹಾಕಿಸಿ, ಮೇಲೆ ತಗಡಿನ ಬದಲು ಜೋಳದ ದಂಟಿನ ತಟ್ಟಿಯ ನೆರಳು ಕಟ್ಟಿದ ಮೇಲೆ ಕಟ್ಟೆ ಕಟ್ಟೆಯಾಯಿತು.

ಅದರ ಮೇಲೆ ಮೊದಲು ಕೂತವರು ನಮ್ಮ ಮನೆಯವರಲ್ಲ. ಬೆಳಿಗ್ಗೆ ತಲೆಯ ಮೇಲೆ ಬುಟ್ಟಿ ಹೊತ್ತು ಬರುವ ಕಾಯಿಪಲ್ಲೆಯ ಮುದುಕಿ, ಯಾರನ್ನೂ ಕೇಳದೆ, ಬುಟ್ಟಿಯನ್ನು ಕಟ್ಟೆಗೆ ಇಳಿಸಿ, ಸೆರಗಿನಿಂದ ಬೆವರು ಒರೆಸಿಕೊಂಡು, "ಯವ್ವಾ, ಒಂದ ತಂಬಿಗಿ ನೀರ ಕೊಡವ್ವಾ" ಎಂದಳು. ಅತ್ತೆಯವರು ತಂಬಿಗೆಯ ಜೊತೆಗೆ ಒಂದು ಚೂರು ಬೆಲ್ಲ ತೆಗೆದುಕೊಂಡು ಹೊರಗೆ ಬಂದರು. ಎದುರು ಮನೆಯವರು ಮೆಂತೆ ಕೊಳ್ಳಲು ಬಂದರು. ಪಕ್ಕದವರು ಬಂದು ಅದೇ ಮೆಂತೆಗೆ ಅರ್ಧ ರೂಪಾಯಿ ಚೌಕಾಸಿ ಮಾಡಿದರು. ನಾಲ್ಕು ವರ್ಷಗಳಲ್ಲಿ ಆ ಮೂವರು ಹೆಂಗಸರು ಒಟ್ಟಿಗೆ ನಿಂತು ಮಾತಾಡಿದ್ದನ್ನು ನಾನು ಅಂದೇ ನೋಡಿದ್ದು. ಮುಂದೆ ಶಾಲೆಯ ಬಸ್ಸಿಗೆ ಕಾಯುವ ಮಕ್ಕಳು ಬಂದರು. ಮಾವನವರ ಜೊತೆಗಾರರು, ಹುಡುಕಿಸಿಕೊಳ್ಳುತ್ತಿದ್ದವರು, ತಾವೇ ಹುಡುಕಿಕೊಂಡು ಬರತೊಡಗಿದರು. ತಂಬಾಕಿನ ಉಗುಳು, ಕಡಲೆಕಾಯಿ ಸಿಪ್ಪೆ ಗುಡಿಸುವ ಕೆಲಸ ನನಗೆ ಹೆಚ್ಚಾಯಿತು. ಅದರ ಬಗ್ಗೆ ನನ್ನ ತಕರಾರು ಇಂದಿಗೂ ಇದೆ.

ಮಾವನವರು ತೀರಿಕೊಂಡು ಈಗ ಒಂಬತ್ತು ವರ್ಷ. ಹಳೆಯ ಬಾಗಿಲಿನ ಹಿತ್ತಾಳೆಯ ಬಳೆಗಳು ಅವರ ಪೆಟ್ಟಿಗೆಯಲ್ಲಿ ಸಿಕ್ಕವು. ಒಂದನ್ನು ಗೇಟಿಗೆ ಹಾಕಿದ್ದೇವೆ, ಕರೆಗಂಟೆ ಕೆಟ್ಟಾಗ ಅದನ್ನೇ ಬಡಿಯುತ್ತಾರೆ.

ಹೋದ ವರ್ಷ ಅತ್ತೆಯವರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ಎಂಬತ್ತು ದಾಟಿದ ಅವರು ಕನ್ನಡಕ ಎಲ್ಲಿಟ್ಟೆನೆಂದು ದಿನಕ್ಕೆ ಹತ್ತು ಸಲ ಹುಡುಕುತ್ತಿದ್ದರು. ಫ್ರಿಜ್ಜಿನ ಮೇಲೆ, ಟೀವಿಯ ಹಿಂದೆ, ಹಾಸಿಗೆಯ ಕೆಳಗೆ. ಹಳೆಯ ಮನೆಯಲ್ಲಿ ಅವರು ಏನನ್ನೂ ಹುಡುಕಿದ್ದು ನನಗೆ ನೆನಪಿಲ್ಲ. ಆ ದಪ್ಪ ಗೋಡೆಗಳಲ್ಲಿ ಕೈಗೆಟಕುವ ಎತ್ತರಕ್ಕೆ ಗೂಡುಗಳಿದ್ದವು. ಒಂದರಲ್ಲಿ ದೀಪ, ಒಂದರಲ್ಲಿ ಎಲೆಯಡಿಕೆಯ ಚೀಲ, ಒಂದರಲ್ಲಿ ಔಷಧಿ, ಒಂದರಲ್ಲಿ ಚಿಲ್ಲರೆ ದುಡ್ಡು. ಕತ್ತಲೆಯಲ್ಲಿಯೂ ಕೈ ತಾನೇ ಅಲ್ಲಿಗೆ ಹೋಗುತ್ತಿತ್ತು. ಅಳೆಯಲು ಬಂದವರ ಪಟ್ಟಿಯಲ್ಲಿ ಗೂಡುಗಳು ಇದ್ದವೋ ಇಲ್ಲವೋ. ಗೋಡೆಯೊಳಗಿನ ಬರಿದು ಜಾಗಕ್ಕೆ ಕಲ್ಲಿನ ಲೆಕ್ಕವಿಲ್ಲ.

ಗೌಂಡಿಯ ಮಗ ಬಂದ. ತಂದೆಯ ಹಾಗೆಯೇ ಗೋಡೆಯನ್ನು ಬಡಿದು ನೋಡಿ, "ಒಂಬತ್ತು ಇಂಚಿನ ಗ್ವಾಡಿ ಐತ್ರಿ ಅಕ್ಕೋರ, ಆರಪಾರ ಆಗಬಾರದು ಅಂದ್ರ ನಾಕೂವರಿ ಇಂಚು ಕೊರೀಬಹುದು, ಅಷ್ಟ" ಎಂದ. ಅತ್ತೆಯವರು ಮಂಚದ ಮೇಲೆ ಕೂತು ಕೈ ಚಾಚಿ, ಬೆರಳು ಗೋಡೆ ಮುಟ್ಟಿದ ಜಾಗವನ್ನು ತೋರಿಸಿದರು. ಅಲ್ಲಿ ಅವನು ಬಳಪದಿಂದ ಗೆರೆ ಎಳೆದ. ಮರುದಿನ ಸಂಜೆ ಗಿಲಾವು ಇನ್ನೂ ಹಸಿಯಿರುವಾಗಲೇ ಅವರು ಕನ್ನಡಕ ತೆಗೆದು ಒಳಗಿಟ್ಟು, ಹೊರತೆಗೆದು, ಮತ್ತೆ ಇಟ್ಟರು. ಸಿಮೆಂಟು ಹತ್ತಿದ ಕನ್ನಡಕವನ್ನು ನಾನು ತೊಳೆದು ಕೊಡುವಾಗ, "ಇನ್ನೊಂದ ಕೊರಸು" ಎಂದರು, "ಎಲೀ ಚೀಲಕ್ಕ."